"ಎಲ್ಲಾ ನಿಭಾಯಿಸ್ತಾರೆ" ಅಂತ ಹೊಗಳೋದು ಸಾಕು, ಲೆಕ್ಕ ಕೊಡಿ

ಮಾರ್ಚ್ 8 ಬಂತೆಂದರೆ ತಾಲ್ಲೂಕು ಪಂಚಾಯಿತಿ ಸಭಾಂಗಣದಲ್ಲಿ ಒಂದು ಕಾರ್ಯಕ್ರಮ ಗ್ಯಾರಂಟಿ. ಶಾಲು, ಹಣ್ಣಿನ ಬುಟ್ಟಿ, ಒಂದು ಫಲಕ. ಸನ್ಮಾನ ಮಾಡಿಸಿಕೊಳ್ಳುವ ಹೆಣ್ಣುಮಗಳ ಪರಿಚಯ ಓದುವವರು ಒಂದು ಸಾಲನ್ನು ಮರೆಯುವುದೇ ಇಲ್ಲ: "ಮನೆ, ಮಕ್ಕಳು, ಉದ್ಯೋಗ, ಹವ್ಯಾಸ ಎಲ್ಲವನ್ನೂ ಸಮತೋಲನದಿಂದ ನಿಭಾಯಿಸಿಕೊಂಡು ಹೋಗುತ್ತಿದ್ದಾರೆ." ಚಪ್ಪಾಳೆ ಬೀಳುತ್ತದೆ. ಮರುದಿನದ ಪತ್ರಿಕೆಯಲ್ಲೂ ಅದೇ ಸಾಲು ಬರುತ್ತದೆ.

ಗಂಡಸರ ಸನ್ಮಾನದಲ್ಲಿ ಈ ಸಾಲನ್ನು ನಾವು ಒಮ್ಮೆಯೂ ಕೇಳಿಲ್ಲ. "ಎರಡು ಮಕ್ಕಳ ತಂದೆಯಾಗಿದ್ದರೂ ಇಂಜಿನಿಯರ್ ಕೆಲಸ ಮಾಡುತ್ತಿದ್ದಾರೆ" ಎಂದು ಯಾರಾದರೂ ಮೈಕಿನಲ್ಲಿ ಹೇಳಿದರೆ ಜನ ನಕ್ಕಾರು.

ಈ "ನಿಭಾಯಿಸುತ್ತಾರೆ" ಎಂಬ ಮಾತಿನ ಮೇಲೆ ನಮ್ಮ ತಕರಾರಿದೆ. ಹೊಗಳಿಕೆಯ ವೇಷದಲ್ಲಿ ಬರುವ ಈ ಮಾತು, ಸರ್ಕಾರ ಕೊಡಬೇಕಾದ್ದನ್ನು ಒಬ್ಬ ಹೆಂಗಸಿನ ನಿದ್ದೆಯಿಂದ ವಸೂಲಿ ಮಾಡುತ್ತಿದೆ. ಎಲ್ಲ ಕೆಲಸಗಳ ಬಗ್ಗೆ ಹೇಳಹೋದರೆ ಮಾತು ತೇಲಿಹೋಗುತ್ತದೆ. ಅದಕ್ಕೆ ಒಂದೇ ಕೆಲಸ ಹಿಡಿದುಕೊಳ್ಳುತ್ತೇವೆ. ನಿಮ್ಮಲ್ಲಿ ಅನೇಕರಿಗೆ ಹೆಸರೇ ಗೊತ್ತಿರದ ಕೆಲಸ ಅದು: ಶಾಲೆಯ ಆಕ್ಯುಪೇಶನಲ್ ಥೆರಪಿಸ್ಟ್.

ಹಳ್ಳಿಯಲ್ಲಿ ಇವರನ್ನು "ಥೆರಪಿ ಮೇಡಂ" ಅಂತಾರೆ, ಇಲ್ಲವೇ "ಎಕ್ಸರ್‌ಸೈಜ್ ಮೇಡಂ". ಫಿಜಿಯೋಥೆರಪಿಯೂ ಇದೂ ಒಂದೇ ಎಂದು ತಿಳಿದವರೇ ಹೆಚ್ಚು. ಎರಡೂ ಅಕ್ಕಪಕ್ಕದ ಮನೆಯವು, ಆದರೆ ಒಂದೇ ಅಲ್ಲ. ಬಿಗಿಯಾದ ಕಾಲನ್ನು ಸಡಿಲ ಮಾಡುವುದು, ನಿಲ್ಲಿಸುವುದು, ನಡೆಸುವುದು ಹೆಚ್ಚಾಗಿ ಫಿಜಿಯೋ ಕೆಲಸ. ಆ ಮಗು ತಾನೇ ಅಂಗಿ ಗುಂಡಿ ಹಾಕಿಕೊಳ್ಳುವುದು, ಗಂಗಾಳದಿಂದ ತುತ್ತು ಎತ್ತುವುದು, ಪೆನ್ಸಿಲ್ ಹಿಡಿಯುವುದು, ಅರ್ಧ ತಾಸು ಬೆಂಚಿನ ಮೇಲೆ ಕೂರುವುದು, ಶೌಚಕ್ಕೆ ಹೋಗಿ ತೊಳೆದುಕೊಂಡು ಬರುವುದು, ಗದ್ದಲವಾದರೆ ಕಿವಿ ಮುಚ್ಚಿ ಚೀರದೆ ತರಗತಿಯಲ್ಲಿ ಇರುವುದು, ಇವೆಲ್ಲ ಆಕ್ಯುಪೇಶನಲ್ ಥೆರಪಿಯ ಬಾಬತ್ತು. ದಿನದ ಬದುಕಿನ ಕೆಲಸಗಳನ್ನು ಮಗುವಿನ ಕೈಗೆ ಕೊಡುವ ವಿದ್ಯೆ ಅನ್ನಿ.

ಜೋಳದ ರೊಟ್ಟಿ ಮುರಿಯುವುದನ್ನೇ ನೋಡಿ. ಒಂದು ಕೈ ರೊಟ್ಟಿ ಒತ್ತಿ ಹಿಡಿಯಬೇಕು, ಇನ್ನೊಂದು ಕೈಯ ಎರಡು ಬೆರಳು ಮತ್ತು ಹೆಬ್ಬೆರಳು ಚೂರು ಮುರಿಯಬೇಕು, ಆ ಚೂರಿನಲ್ಲಿ ಪಲ್ಯ ಹಿಡಿದು ಬಾಯಿಯವರೆಗೆ ಬೀಳದಂತೆ ಒಯ್ಯಬೇಕು. ನಮಗೆ ಇದು ಕೆಲಸ ಅಂತಲೇ ಅನಿಸುವುದಿಲ್ಲ. ಹುಟ್ಟುವಾಗ ಮೆದುಳಿಗೆ ಆಮ್ಲಜನಕ ಸಾಲದೆ ಒಂದು ಭಾಗದ ಕೈ ಬಿಗಿಯಾದ ಎಂಟು ವರ್ಷದ ಹುಡುಗನಿಗೆ ಇದು ಬೆಟ್ಟ ಹತ್ತಿದ ಹಾಗೆ. ಬಿಸಿಯೂಟದ ಹೊತ್ತಿನಲ್ಲಿ ಅವನಿಗೆ ಯಾರಾದರೂ ಉಣಿಸಬೇಕು. ಉಣಿಸುವವರಿಲ್ಲದಿದ್ದರೆ ತಾಯಿ ಕೂಲಿ ಬಿಟ್ಟು ಮಧ್ಯಾಹ್ನ ಶಾಲೆಗೆ ಬರಬೇಕು. ಅದೂ ಆಗದಿದ್ದರೆ ಹುಡುಗ ಶಾಲೆಯನ್ನೇ ಬಿಡುತ್ತಾನೆ. ಹಾಜರಿ ಪುಸ್ತಕದಲ್ಲಿ ಹೆಸರು ಉಳಿದಿರುತ್ತದೆ, ಅಷ್ಟೇ. ಒಬ್ಬ ಥೆರಪಿಸ್ಟ್ ಆರು ತಿಂಗಳು ಬೆನ್ನುಬಿದ್ದು ಆ ಹುಡುಗನಿಗೆ ತುತ್ತು ಎತ್ತುವುದನ್ನು ಕಲಿಸಿದರೆ ಅವನ ಓದು ಉಳಿಯಿತು, ಅವನ ತಾಯಿಯ ಕೂಲಿಯೂ ಉಳಿಯಿತು.

ಇಷ್ಟು ದೊಡ್ಡ ಕೆಲಸ ಮಾಡುವವರು ನಮ್ಮ ತಾಲ್ಲೂಕುಗಳಲ್ಲಿ ಎಷ್ಟು ಜನ? ಓದಿದ ಆಕ್ಯುಪೇಶನಲ್ ಥೆರಪಿಸ್ಟ್ ಸಿಗುವುದೇ ಅಪರೂಪ. ನಾಲ್ಕು ವರ್ಷದ ಡಿಗ್ರಿ, ಅದರ ಮೇಲೆ ಇಂಟರ್ನ್‌ಶಿಪ್. ಓದಿದವರಲ್ಲಿ ಬಹಳಷ್ಟು ಮಂದಿ ಬೆಂಗಳೂರಿನ ಖಾಸಗಿ ಸೆಂಟರ್‌ಗಳಿಗೋ ಹೊರದೇಶಕ್ಕೋ ಹೋಗುತ್ತಾರೆ. ನಾವು ಬಲ್ಲ ಒಬ್ಬ ಅಕ್ಕ ಹಾಗೆ ಹೋಗಲಿಲ್ಲ. ಕಲ್ಯಾಣ ಕರ್ನಾಟಕದ ಒಂದು ತಾಲ್ಲೂಕಿಗೆ ಮದುವೆಯಾಗಿ ಬಂದವರು, ಅಲ್ಲೇ ಗುತ್ತಿಗೆಯ ಮೇಲೆ ಕೆಲಸಕ್ಕೆ ಸೇರಿದರು. ಅವರ ಹೆಸರು, ಊರು ಬರೆಯುವುದಿಲ್ಲ. ಬರೆದರೆ ಮುಂದಿನ ವರ್ಷದ ಕರಾರಿಗೆ ಕುತ್ತು. ಈ ಹೆದರಿಕೆಯೂ ಸಮತೋಲನದೊಳಗೇ ಬರುತ್ತದೆ ಎಂದು ವೇದಿಕೆಯ ಮೇಲಿನವರಿಗೆ ಗೊತ್ತಿದೆಯೋ ಇಲ್ಲವೋ.

ವಾರದಲ್ಲಿ ನಾಲ್ಕು ದಿನ ನಾಲ್ಕು ಕಡೆಯ ಶಾಲೆ, ಒಂದು ದಿನ ಬಿಆರ್‌ಸಿ. ಶನಿವಾರ ಶಾಲೆಗೆ ಬರಲಾಗದ ಮಕ್ಕಳ ಮನೆ ಭೇಟಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಮೇಲೆ ಬಸ್ಸಿನ ಖರ್ಚು ಎಷ್ಟೋ ತಗ್ಗಿದೆ, ಅದನ್ನು ಅಕ್ಕ ಮನಸ್ಸು ಬಿಚ್ಚಿ ಹೇಳುತ್ತಾರೆ. ಆದರೆ ಸರ್ಕಾರಿ ಬಸ್ಸು ಕ್ರಾಸಿನವರೆಗೆ. ಕ್ರಾಸಿನಿಂದ ಒಳಗಿನ ಹಳ್ಳಿಗೆ ಟಂಟಂ, ಅದಕ್ಕೆ ಕೈಯಿಂದ ದುಡ್ಡು. ಟಂಟಂ ಇಲ್ಲದ ಹೊತ್ತಿನಲ್ಲಿ ಬೈಕಿನವರ ಹಿಂದೆ, ಭುಜಕ್ಕೊಂದು ಚೀಲ, ಕೈಯಲ್ಲೊಂದು ಚೀಲ.

ಆ ಚೀಲದೊಳಗೆ ಏನಿದೆ ಎನ್ನುವುದರಲ್ಲೇ ನಮ್ಮ ವಾದದ ಅರ್ಧ ಇದೆ.

ಒಂದು ಕೌದಿ. ನಮ್ಮ ಅಜ್ಜಿಯಂದಿರು ಹಳೇ ಸೀರೆ ಪದರ ಹಾಕಿ ಹೊಲಿಯುತ್ತಿದ್ದರಲ್ಲ, ಅದೇ ಕೌದಿ, ಅಳತೆ ಮಾತ್ರ ಚಿಕ್ಕದು. ಅದರ ಮೇಲೆ ಒಂದು ಸಾಲು ದೊಡ್ಡ ಕೋಟಿನ ಗುಂಡಿ, ಕೆಳಗಿನ ಸಾಲಿನಲ್ಲಿ ಅಂಗಿಯ ಸಣ್ಣ ಗುಂಡಿ, ಆಮೇಲೆ ಹುಕ್ಕು, ಜಿಪ್ಪು, ಅಂಟುವ ಪಟ್ಟಿ, ಬೂಟಿನ ಲೇಸು. ಮಗು ದೊಡ್ಡದರಿಂದ ಶುರು ಮಾಡಿ ಸಣ್ಣದಕ್ಕೆ ಬರಬೇಕು. ಇನ್ನೊಂದು ಮೂಲೆಯಲ್ಲಿ ಗೋಣಿತಟ್ಟು, ಕಂಬಳಿ ತುಂಡು, ಮಖಮಲ್ಲು ಅಕ್ಕಪಕ್ಕ. ಕೆಲವು ಮಕ್ಕಳಿಗೆ ಒರಟು ಮುಟ್ಟಿದರೆ ಮೈಯೆಲ್ಲ ಜುಮ್ಮೆಂದು ಕೈ ಹಿಂತೆಗೆಯುತ್ತಾರೆ, ಅವರಿಗೆ ನಿಧಾನವಾಗಿ ಮುಟ್ಟಿ ರೂಢಿ ಮಾಡಿಸಲು ಅದು. ಸೈಕಲ್ ಟ್ಯೂಬಿನ ತುಂಡು ಸುತ್ತಿ ದಪ್ಪ ಮಾಡಿದ ಪೆನ್ಸಿಲ್‌ಗಳು. ಹಿಡಿಕೆಗೆ ಬಟ್ಟೆ ಬಿಗಿದ ಚಮಚ. ಪೋಣಿಸಲು ಮಣಿ. ಬಟ್ಟೆ ಒಣಹಾಕುವ ಕ್ಲಿಪ್ಪು, ಬೆರಳಿಗೆ ಬಲ ಬರಲಿ ಎಂದು.

ಚೀಲದಲ್ಲಿ ಹಿಡಿಸದ್ದು ಮನೆಯಲ್ಲಿದೆ. ಕಿರಾಣಿ ಅಂಗಡಿಯ ರಟ್ಟಿನ ಡಬ್ಬಗಳನ್ನು ಬಿಚ್ಚಿ, ಮೈದಾ ಅಂಟು ಹಚ್ಚಿ, ಪದರದ ಮೇಲೆ ಪದರ ಕೂರಿಸಿ ಮಾಡಿದ ಮೂಲೆ ಕುರ್ಚಿ. ಬೆನ್ನು ನಿಲ್ಲದ ಮಗುವನ್ನು ಎರಡೂ ಬದಿ ಆನಿಸಿ ಕೂರಿಸಲು. ರಟ್ಟು ಅಂತ ಸಸಾರ ಮಾಡಬೇಡಿ. ಸರಿಯಾಗಿ ಒಣಗಿಸಿ ಬಣ್ಣ ಹೊಡೆದರೆ ಹಲಗೆಯ ಹಾಗೆ ಗಟ್ಟಿ. ಆಫ್ರಿಕಾದ ಜಿಂಬಾಬ್ವೆಯಲ್ಲಿ ಬೆಳೆದ ಈ ಕೈವಿದ್ಯೆಯಿಂದ ಎಷ್ಟೋ ದೇಶಗಳಲ್ಲಿ ಅಂಗವಿಕಲ ಮಕ್ಕಳಿಗೆ ಕುರ್ಚಿ, ನಿಲ್ಲುವ ಚೌಕಟ್ಟು ಮಾಡುತ್ತಾರೆ. ಮೆಕ್ಸಿಕೋದ ಹಳ್ಳಿಗಳಲ್ಲಿ ದುಡಿದ ಡೇವಿಡ್ ವರ್ನರ್ 1987ರಲ್ಲಿ ಬರೆದ 'ಡಿಸೇಬಲ್ಡ್ ವಿಲೇಜ್ ಚಿಲ್ಡ್ರನ್' ಎಂಬ ಪುಸ್ತಕದ ತುಂಬ ಇಂಥ ಮನೆಯಲ್ಲೇ ಮಾಡುವ ಸಾಮಾನುಗಳ ಚಿತ್ರಗಳಿವೆ. ಅಕ್ಕನ ಫೋನಿನಲ್ಲಿ ಅದರ ಪಿಡಿಎಫ್ ಇದೆ.

ಈ ಕುರ್ಚಿ, ಈ ಕೌದಿ ಯಾವಾಗ ಆಗುತ್ತವೆ? ರಾತ್ರಿ. ಮಗಳು ಮಲಗಿದ ಮೇಲೆ, ಪಾತ್ರೆ ತೊಳೆದ ಮೇಲೆ, ಬೆಳಗಿನ ಕಾಳು ನೆನೆಹಾಕಿದ ಮೇಲೆ. ದುಡ್ಡು ಎಲ್ಲಿಂದ? ಅವರ ಕೈಯಿಂದ. ಒಂದು ಸಣ್ಣ ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದಾರೆ: ಅಂಟುವ ಪಟ್ಟಿ, ಫೋಮು, ದಾರ, ಜೆರಾಕ್ಸು, ಫೆವಿಕಾಲು. ಬಿಲ್ಲು ಕೊಟ್ಟರೆ "ಇದಕ್ಕೆ ಹೆಡ್ ಇಲ್ಲ" ಎಂಬ ಉತ್ತರ ಬಂತಂತೆ. ಲೆಕ್ಕಶೀರ್ಷಿಕೆ ಇಲ್ಲ ಎಂದು ಅದರ ಅರ್ಥ.

ಇಲ್ಲೇ ನಾವು ಜಗಳಕ್ಕೆ ನಿಲ್ಲುವುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 17ನೇ ಕಲಮು ಓದಿ. ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವ ವಿದ್ಯಾರ್ಥಿಗಳಿಗೆ 18 ವರ್ಷದವರೆಗೆ ಪುಸ್ತಕ, ಕಲಿಕಾ ಸಾಮಗ್ರಿ, ಸೂಕ್ತ ಸಾಧನ ಸಲಕರಣೆಗಳನ್ನು ಉಚಿತವಾಗಿ ಒದಗಿಸಬೇಕು ಎಂದು ಅದರಲ್ಲಿ ಬರೆದಿದೆ. ಒದಗಿಸಬೇಕಾದವರು ಸರ್ಕಾರ ಮತ್ತು ಸ್ಥಳೀಯ ಸಂಸ್ಥೆಗಳು. ಗುಂಡಿ ಕೌದಿ ಕಲಿಕಾ ಸಾಮಗ್ರಿ ಅಲ್ಲವೇ? ಮೂಲೆ ಕುರ್ಚಿ ಸಾಧನ ಅಲ್ಲವೇ? ಹಾಗಾದರೆ ಕಾನೂನು ಸರ್ಕಾರದ ಮೇಲೆ ಹೊರಿಸಿದ ಹೊರೆಯನ್ನು ಒಬ್ಬ ಗುತ್ತಿಗೆ ನೌಕರಳು ರಾತ್ರಿ ಹನ್ನೊಂದರ ತನಕ ಕೂತು, ತನ್ನ ದುಡ್ಡಲ್ಲಿ ತೀರಿಸುತ್ತಿದ್ದಾಳೆ. ಇದಕ್ಕೆ ನಾವು ಇಟ್ಟಿರುವ ಹೆಸರು "ಕರಕುಶಲ ಹವ್ಯಾಸ".

"ಆಕೆಗೆ ಹೊಲಿಗೆ ಅಂದರೆ ಇಷ್ಟ ಅಲ್ವಾ, ಖುಷಿಯಿಂದ ಮಾಡ್ತಾರೆ" ಎಂದು ಒಬ್ಬ ಸಂಪನ್ಮೂಲ ವ್ಯಕ್ತಿ ನಮಗೆ ಹೇಳಿದರು. ಇಷ್ಟ ಇದೆ, ಅದು ನಿಜ. ಅಕ್ಕ ಕಸೂತಿಯನ್ನು ಅವ್ವನಿಂದ ಕಲಿತವರು, ಸೂಜಿ ಹಿಡಿದರೆ ಮುಖ ತಿಳಿಯಾಗುತ್ತದೆ. ಆದರೆ ಪೊಲೀಸರಿಗೆ ಬೈಕ್ ಓಡಿಸುವುದು ಇಷ್ಟ ಅಂತ ಗಸ್ತಿಗೆ ಪೆಟ್ರೋಲು ಕೊಡುವುದು ಬಿಡುತ್ತೇವೆಯೇ? ಇಷ್ಟವನ್ನು ಸಂಬಳದಲ್ಲಿ ಕಡಿತ ಮಾಡುವ ಪದ್ಧತಿ ಹೆಣ್ಣುಮಕ್ಕಳ ಕೆಲಸಕ್ಕೆ ಮಾತ್ರ ಇದೆ. ಅಂಗನವಾಡಿ ಟೀಚರು, ಆಶಾ, ಬಿಸಿಯೂಟದ ಅಡುಗೆಯವರು, ಎಲ್ಲರಿಗೂ "ಗೌರವಧನ". ಗೌರವ ಹೆಚ್ಚಾದಷ್ಟೂ ಧನ ಕಡಿಮೆ.

ಇನ್ನೊಂದು ಮಾತು. ಈ ವೃತ್ತಿಗೂ ಕರಕುಶಲಕ್ಕೂ ಇರುವ ನಂಟು ಹವ್ಯಾಸದ್ದಲ್ಲ, ಹುಟ್ಟಿನದು. 1917ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬ ಊರಲ್ಲಿ ಈ ವೃತ್ತಿಯ ಮೊದಲ ಸಂಘ ಕಟ್ಟಿದವರು ನೇಯ್ಗೆ, ಬುಟ್ಟಿ ಹೆಣೆಯುವುದು, ಮರಗೆಲಸ ಇವುಗಳನ್ನೇ ಔಷಧಿಯ ಹಾಗೆ ಬಳಸಿದರು. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರ ಕೈಗೆ ಮಗ್ಗ ಕೊಟ್ಟರು, ಬೆರಳು ಮತ್ತೆ ಮಡಚಲಿ, ಮನಸ್ಸು ಮತ್ತೆ ನಿಲ್ಲಲಿ ಎಂದು. ನಮ್ಮ ದೇಶದಲ್ಲಿ ಈ ವಿದ್ಯೆ ನೆಟ್ಟವರು ಕಮಲಾ ನಿಂಬ್ಕರ್. ಅಮೆರಿಕದಲ್ಲಿ ಹುಟ್ಟಿ, ಭಾರತೀಯರನ್ನು ಮದುವೆಯಾಗಿ, ಇಲ್ಲೇ ನೆಲೆಸಿದ ಹೆಣ್ಣುಮಗಳು. 1950ರಲ್ಲಿ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಇದರ ಮೊದಲ ಶಾಲೆ ಶುರುವಾಯಿತು. ಅಂದರೆ ಸೂಜಿ ದಾರ ಈ ಕೆಲಸಕ್ಕೆ ವೈದ್ಯರ ಸ್ಟೆತಸ್ಕೋಪ್ ಇದ್ದ ಹಾಗೆ. ಡಾಕ್ಟರಿಗೆ ಸ್ಟೆತಸ್ಕೋಪ್ ಹವ್ಯಾಸವೇ? 2021ರಲ್ಲಿ ಸಂಸತ್ತು ಮಾಡಿದ ಆರೋಗ್ಯ ಸಂಬಂಧಿತ ವೃತ್ತಿಗಳ ಆಯೋಗದ ಕಾಯ್ದೆಯಲ್ಲಿ ಆಕ್ಯುಪೇಶನಲ್ ಥೆರಪಿಯೂ ಸೇರಿದೆ. ದಿಲ್ಲಿಯ ಕಾನೂನಿನಲ್ಲಿ ವೃತ್ತಿಪರಳು, ತಾಲ್ಲೂಕಿನ ಸಂಬಳದ ಪಟ್ಟಿಯಲ್ಲಿ ಹತ್ತು ತಿಂಗಳ ಕರಾರಿನ ಹೆಸರು.

ಹೌದು, ಕರಾರು ಹತ್ತು ತಿಂಗಳದ್ದು. ಏಪ್ರಿಲ್ ಮೇ ಶಾಲೆ ಇಲ್ಲ, ಹಣವೂ ಇಲ್ಲ. ಮಿಕ್ಕ ತಿಂಗಳುಗಳಲ್ಲೂ ಮೂರು ತಿಂಗಳಿಗೊಮ್ಮೆ ಒಟ್ಟಿಗೆ ಬರುವುದುಂಟು. ಹಾಗಾಗಿ ಅಕ್ಕನ ಕೈಗೆ ಇನ್ನೊಂದು ಕರಕುಶಲ ಬಂದಿದೆ: ಸೀರೆ ಕುಚ್ಚು. ಮಕ್ಕಳ ಕೌದಿ ಎತ್ತಿಟ್ಟು, ಗಿರಾಕಿಯ ಸೀರೆ ಬಿಡಿಸಿ, ಸೆರಗಿನ ಅಂಚಿಗೆ ರೇಷ್ಮೆ ದಾರ ಕಟ್ಟುತ್ತಾರೆ. ಮದುವೆ ಸೀಸನ್ನಿನಲ್ಲಿ ನಿದ್ದೆ ನಾಲ್ಕು ತಾಸು. ಸಾದಾ ಕುಚ್ಚಿಗೆ ಇನ್ನೂರು ರೂಪಾಯಿ ಸಿಕ್ಕರೆ ಪುಣ್ಯ, ಟೌನಿನ ಬ್ಯೂಟಿಕ್‌ನವರು ಅದನ್ನೇ ಗಿರಾಕಿಗೆ ಎಷ್ಟಕ್ಕೆ ಹಾಕುತ್ತಾರೆಂದು ಕೇಳಬೇಡಿ. "ನನ್ನ ಡಿಗ್ರಿಗಿಂತ ಕುಚ್ಚೇ ನಿಯತ್ತಿನಿಂದ ರೊಕ್ಕ ಕೊಡ್ತೈತ್ರೀ" ಎಂದು ಅವರು ನಕ್ಕರು. ನಮಗೆ ನಗು ಬರಲಿಲ್ಲ.

ಮಗಳಿಗೆಂದು ಹಿಡಿದ ಒಂದು ಕೌದಿ ಇದೆ. ಮೂರನೇ ಪದರಕ್ಕೆ ನಿಂತಿದೆ. ಮಗಳಿಗೆ ಈಗ ಐದು ವರ್ಷ.

ತಾಯ್ತನದ ವಿಷಯಕ್ಕೆ ಬರೋಣ. ಈ ಮಗಳು ಹುಟ್ಟಿದಾಗ ಅಕ್ಕನಿಗೆ ಹೆರಿಗೆ ರಜೆ ಸಿಗಲಿಲ್ಲ. "ಗುತ್ತಿಗೆಯವರಿಗೆ ಬರಂಗಿಲ್ಲ" ಎಂದರಂತೆ. ಕರಾರು ಮುಗಿಸಿದರು, ಮಗು ನಾಲ್ಕು ತಿಂಗಳಾದಾಗ ಹೊಸ ಅರ್ಜಿ ಹಾಕಿಸಿಕೊಂಡು ಹೊಸದಾಗಿ ಸೇರಿಸಿಕೊಂಡರು. ಹಳೇ ಸೇವೆ ಸೊನ್ನೆ. ಈ "ಬರಂಗಿಲ್ಲ" ಎಂಬ ಮಾತು ಎಷ್ಟು ಕಚೇರಿಗಳಲ್ಲಿ, ಎಷ್ಟು ಹೆಣ್ಣುಮಕ್ಕಳಿಗೆ ದಿನಾ ಕೇಳಿಸುತ್ತಿದೆಯೋ. ಆದ್ದರಿಂದ ಬಿಡಿಸಿ ಬರೆಯುತ್ತೇವೆ, ಬೇಕಾದವರು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ, ಮೊದಲ ಎರಡು ಮಕ್ಕಳಿಗೆ 12 ವಾರ ಇದ್ದ ಸಂಬಳ ಸಹಿತ ರಜೆ 26 ವಾರ ಆಯಿತು. ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು ಎಂಬುದು ಅದರ ಅಳತೆ. ಖಾಯಂ ಆಗಿರಬೇಕು ಎಂಬ ಷರತ್ತಿಲ್ಲ. 2000ನೇ ಇಸವಿಯಲ್ಲೇ ಸುಪ್ರೀಂ ಕೋರ್ಟು ದಿಲ್ಲಿ ಮಹಾನಗರ ಪಾಲಿಕೆಯ ಮಸ್ಟರ್ ರೋಲಿನಲ್ಲಿದ್ದ ದಿನಗೂಲಿ ಹೆಣ್ಣುಮಕ್ಕಳಿಗೂ ಈ ಸೌಲಭ್ಯ ಕೊಡಬೇಕೆಂದಿತು. ರಸ್ತೆ ಕೆಲಸದವರು ಅವರು, ಆಫೀಸಿನವರಲ್ಲ. 2023ರಲ್ಲಿ ದಿಲ್ಲಿಯ ಒಬ್ಬ ಗುತ್ತಿಗೆ ವೈದ್ಯೆಯ ಪ್ರಕರಣದಲ್ಲಿ ಅದೇ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ನಡುವೆ ಕರಾರಿನ ಅವಧಿ ಮುಗಿದರೂ ಹೆರಿಗೆ ಸೌಲಭ್ಯ ಪೂರ್ತಿ ಕೊಡಬೇಕು. ಇಷ್ಟೆಲ್ಲ ಆದಮೇಲೂ ತಾಲ್ಲೂಕು ಕಚೇರಿಯ ಮೇಜಿನ ಆಚೆ ಕೂತವರಿಗೆ "ಬರಂಗಿಲ್ಲ" ಎನ್ನುವಷ್ಟು ಧೈರ್ಯ ಎಲ್ಲಿಂದ ಬರುತ್ತದೆ? ಎದುರಿಗೆ ನಿಂತವಳು ಕೋರ್ಟಿಗೆ ಹೋಗುವಷ್ಟು ಬಿಡುವಿನವಳಲ್ಲ ಎಂಬ ಭರವಸೆಯಿಂದ. ಆಕೆ ನಿಭಾಯಿಸುತ್ತಾಳೆ ಎಂಬ ನಂಬಿಕೆಯಿಂದ.

ಅತ್ತೆಯವರು ಮಗುವನ್ನು ನೋಡಿಕೊಂಡರು, ಮೊಣಕಾಲು ನೋವಿನ ನಡುವೆ. ಅವರ ಬಾಯಲ್ಲಿ ಒಂದು ಮಾತು ಆಗಾಗ ಬರುತ್ತದೆ: "ಮಂದಿ ಮಕ್ಕಳಿಗೆ ಉಣ್ಣಾಕ ಕಲಸಾಕ ಹೋಕ್ಕಾಳ, ತನ್ನ ಕೂಸಿಗೆ ನಾನು ಉಣಸ್ಬೇಕು." ಅತ್ತೆಯನ್ನು ಖಳನಾಯಕಿ ಮಾಡುವುದು ಸುಲಭ, ಧಾರಾವಾಹಿಗಳು ಅದನ್ನೇ ಮಾಡುತ್ತವೆ. ನಾವು ಮಾಡುವುದಿಲ್ಲ. ಅರವತ್ತೆರಡು ವರ್ಷದ ಆ ಅಮ್ಮ ಸಂಬಳವಿಲ್ಲದ ಶಿಶುವಿಹಾರ ನಡೆಸುತ್ತಿದ್ದಾರೆ. ಸರ್ಕಾರದ ಯೋಜನೆಯ ಮೂರನೇ ಕಂಬ ಅವರು, ಯಾವ ಕಡತದಲ್ಲೂ ಅವರ ಹೆಸರಿಲ್ಲ. ಮನೆಯಲ್ಲಿ ಗಂಡ ಇದ್ದಾನಲ್ಲ ಎಂದು ಕೇಳುವವರು ಕೇಳಿ. ಇದ್ದಾರೆ, ಒಳ್ಳೆಯವರು, ಬೀಜ ಗೊಬ್ಬರದ ಅಂಗಡಿಯಲ್ಲಿ ಕೆಲಸ, ರಾತ್ರಿ ಎಂಟಕ್ಕೆ ಬಂದು ಮಗಳಿಗೆ ಕತೆ ಹೇಳುತ್ತಾರೆ. ಊರು ಅವರನ್ನು "ಎಷ್ಟು ಸಹಕಾರ ಕೊಡ್ತಾನ" ಅಂತ ಹೊಗಳುತ್ತದೆ. ತನ್ನ ಮಗಳಿಗೆ ಕತೆ ಹೇಳುವುದು ಯಾರಿಗೆ ಕೊಟ್ಟ ಸಹಕಾರವೋ ನಮಗೆ ತಿಳಿಯದು.

ಈಗ ಎಲ್ಲಕ್ಕಿಂತ ಕಷ್ಟದ ಮಾತು. ಥೆರಪಿಸ್ಟ್ ಶಾಲೆಗೆ ಬರುವುದು ವಾರಕ್ಕೊಮ್ಮೆ. ಉಳಿದ ಆರು ದಿನ ಮನೆಯಲ್ಲಿ ಮಾಡಿಸಬೇಕು. ಹಾಗಾಗಿ ಅವರು ಮಗುವಿನ ತಾಯಿಗೆ ಒಂದು ಹಾಳೆ ಬರೆದುಕೊಡುತ್ತಾರೆ: ಬೆಳಿಗ್ಗೆ ಹತ್ತು ನಿಮಿಷ ಹಿಟ್ಟು ನಾದಿಸಿ, ಮಧ್ಯಾಹ್ನ ಮಣಿ ಪೋಣಿಸಿ, ಸಂಜೆ ಗುಂಡಿ ಹಾಕಿಸಿ, ಅವಸರ ಮಾಡಬೇಡಿ, ಅವನೇ ಮಾಡಲಿ. ಈ ಹಾಳೆ ಹೋಗುವುದು ಯಾರ ಕೈಗೆ? ಬೆಳಿಗ್ಗೆ ಏಳಕ್ಕೆ ಮೆಣಸಿನಕಾಯಿ ಬಿಡಿಸಲು ಹೋಗುವ ತಾಯಿಯ ಕೈಗೆ. ತಂದೆಯ ಕೈಗೆ ಕೊಟ್ಟದ್ದನ್ನು ನಾವು ಕಂಡಿಲ್ಲ. ಒಬ್ಬ ತಾಯಿ ಅಕ್ಕನಿಗೇ ತಿರುಗಿಸಿ ಕೇಳಿದಳಂತೆ: "ಮೇಡಮ್ಮಾರ, ನಿಮ್ಮ ಕೂಸಿಗೆ ನೀವು ದಿನಾ ಅರ್ಧ ತಾಸು ಕೂತು ಆಡಿಸ್ತೀರೇನ್ರೀ?" ಅಕ್ಕನ ಹತ್ತಿರ ಉತ್ತರ ಇರಲಿಲ್ಲ. ಕೇಳಿದವಳೂ ಸಿಟ್ಟಿನಿಂದ ಕೇಳಿದ್ದಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದು. ಹೇಗೆ ಸಾಧ್ಯ ಆಗ್ತದೆ ಅಂತ.

ಥೆರಪಿಸ್ಟ್ ಕಡಿಮೆ ಇದ್ದಷ್ಟೂ ಹಾಳೆ ಉದ್ದವಾಗುತ್ತದೆ. ಹಾಳೆ ಉದ್ದವಾದಷ್ಟೂ ತಾಯಿಯ ತಪ್ಪು ಹೆಚ್ಚಾಗುತ್ತದೆ. ಮಗು ಸುಧಾರಿಸದಿದ್ದರೆ "ಮನ್ಯಾಗ ಮಾಡ್ಸಂಗಿಲ್ಲ" ಎಂದು ಬರೆದು ಫೈಲು ಮುಚ್ಚಬಹುದು. ಹೀಗೆ ಒಬ್ಬ ತಾಯಿಯ ಮೇಲಿನ ಹೊರೆಯನ್ನು ಇನ್ನೊಬ್ಬ ತಾಯಿಯ ಮೂಲಕ ದಾಟಿಸುವ ಏರ್ಪಾಡಿಗೆ ಸಮನ್ವಯ ಶಿಕ್ಷಣ ಎಂದು ಹೆಸರು. ತೀವ್ರ ಅಂಗವೈಕಲ್ಯದ ಮಕ್ಕಳಿಗೆ ಮನೆಯಲ್ಲೇ ಶಿಕ್ಷಣ ಪಡೆಯುವ ಹಕ್ಕನ್ನು 2012ರಲ್ಲಿ ಶಿಕ್ಷಣ ಹಕ್ಕು ಕಾಯ್ದೆಗೆ ತಿದ್ದುಪಡಿ ತಂದು ಸೇರಿಸಿದರು. ಒಳ್ಳೆಯದೇ. ಆದರೆ ಮನೆಗೆ ಹೋಗುವವರನ್ನು ನೇಮಿಸದಿದ್ದರೆ ಗೃಹಾಧಾರಿತ ಶಿಕ್ಷಣ ಅಂದರೆ ಗೃಹಿಣಿ ಆಧಾರಿತ ಶಿಕ್ಷಣ ಅಷ್ಟೇ.

ಎದುರು ವಾದ ಕೇಳಿದ್ದೇವೆ. ಒಂದು, ಬಜೆಟ್ ಇಲ್ಲ. ಎರಡು, ಗೊತ್ತಿದ್ದೇ ಕರಾರಿಗೆ ಸಹಿ ಹಾಕಿದ್ದಾರೆ. ಎರಡನೆಯದಕ್ಕೆ ಉತ್ತರ ಬೇಕಿಲ್ಲ. ಬೇರೆ ದಾರಿ ಇಲ್ಲದವಳ ಸಹಿಯನ್ನು ಒಪ್ಪಿಗೆ ಎನ್ನುವುದು ಸಾಲ ಕೊಡುವ ಸಾವ್ಕಾರನ ಮಾತು. ಮೊದಲನೆಯದನ್ನು ಒಪ್ಪುವಂತಿಲ್ಲ, ಯಾಕೆಂದರೆ ಕೋರ್ಟೂ ಒಪ್ಪಿಲ್ಲ. 2021ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ವಿಶೇಷ ಶಿಕ್ಷಕರ ವಿಷಯದಲ್ಲಿ ಪ್ರಾಥಮಿಕ ಹಂತಕ್ಕೆ ಇಂಥ 10 ಮಕ್ಕಳಿಗೆ ಒಬ್ಬರು, ಮುಂದಿನ ತರಗತಿಗಳಿಗೆ 15 ಮಕ್ಕಳಿಗೆ ಒಬ್ಬರು ಎಂಬ ಅಳತೆ ಕೊಟ್ಟು, ಹುದ್ದೆ ಸೃಷ್ಟಿಸಿ ಎಂದಿತು. ಅದು ಶಿಕ್ಷಕರ ಅಳತೆ, ಥೆರಪಿಸ್ಟರದ್ದಲ್ಲ. ಆದರೆ ನ್ಯಾಯ ಒಂದೇ: ಮಕ್ಕಳನ್ನು ಎಣಿಸಿ, ಅದಕ್ಕೆ ತಕ್ಕ ಜನರನ್ನು ಇಡಿ. ನಮ್ಮಲ್ಲಿ ಇಡೀ ತಾಲ್ಲೂಕನ್ನು ಒಬ್ಬಳ ಚೀಲಕ್ಕೆ ತುಂಬಿ, ಆಮೇಲೆ ಆಕೆಯ ಚೀಲ ಹೊರುವ ಶಕ್ತಿಯನ್ನು ಹೊಗಳುತ್ತಾರೆ.

ರಾಜ್ಯಮಟ್ಟದಲ್ಲಿ ಬೇಕಾದ್ದು ಖಾಯಂ ಹುದ್ದೆ, ಹನ್ನೆರಡು ತಿಂಗಳ ಸಂಬಳ, ಹೆರಿಗೆ ರಜೆ, ಪ್ರಯಾಣ ಭತ್ಯೆ. ಅದಕ್ಕೆ ಸಂಘಟನೆಯವರು ಹೋರಾಡಬೇಕು, ನಾವೂ ಬರೆಯುತ್ತಿರುತ್ತೇವೆ. ಆದರೆ ಫೋನಿನಲ್ಲಿ ಇದನ್ನು ಓದುತ್ತಿರುವ ನಿಮ್ಮ ಕೈಯಲ್ಲೂ ಕೆಲವು ಇವೆ, ಬೆಂಗಳೂರಿನ ತನಕ ಹೋಗಬೇಕಿಲ್ಲ.

ಗ್ರಾಮ ಪಂಚಾಯಿತಿಯ ಸ್ವಂತ ಸಂಪನ್ಮೂಲದಲ್ಲಿ ಶೇ 5 ಅಂಗವಿಕಲರ ಕಲ್ಯಾಣಕ್ಕೆ ಮೀಸಲು. ಹೆಚ್ಚಿನ ಪಂಚಾಯಿತಿಗಳಲ್ಲಿ ಈ ದುಡ್ಡು ಎಲ್ಲಿ ಹೋಗುತ್ತದೆ? ವರ್ಷದ ಕೊನೆಗೆ ಪ್ಲಾಸ್ಟಿಕ್ ಕುರ್ಚಿ, ಕಾಟು, ಚೆಕ್ಕು ಹಂಚಿ ಫೋಟೋ ತೆಗೆಸಿಕೊಳ್ಳುವುದು. ನಡು ನಿಲ್ಲದ ಮಗುವಿಗೆ ಪ್ಲಾಸ್ಟಿಕ್ ಕುರ್ಚಿ ಕೊಟ್ಟರೆ ಅದು ಜಾರಿ ಕೆಳಗೆ ಬೀಳುತ್ತದೆ. ಅದೇ ದುಡ್ಡಲ್ಲಿ ಊರಿನ ಬಡಗಿಯಿಂದ, ಥೆರಪಿಸ್ಟ್ ಹೇಳಿದ ಅಳತೆಗೆ, ಒಂದು ಮೂಲೆ ಕುರ್ಚಿ ಮಾಡಿಸಬಹುದು. ಕೌದಿ ಹೊಲಿಯುವ ಹೆಣ್ಣುಮಕ್ಕಳು ಸ್ವಸಹಾಯ ಸಂಘಗಳಲ್ಲಿ ಬೇಕಾದಷ್ಟಿದ್ದಾರೆ. ಅವರಿಗೆ ಕೂಲಿ ಕೊಟ್ಟು ಶಾಲೆಗೆ ನಾಲ್ಕು ಗುಂಡಿ ಕೌದಿ ಹೊಲಿಸಿ. ಥೆರಪಿಸ್ಟ್ ಮಾದರಿ ಕೊಡಲಿ, ಹೊಲಿಯುವವರು ಹೊಲಿಯಲಿ, ದುಡ್ಡು ಊರಲ್ಲೇ ಉಳಿಯಲಿ. ಅಜ್ಜಿಯರ ಕೈವಿದ್ಯೆಗೆ ಪ್ರಶಸ್ತಿ ಕೊಡುವುದಕ್ಕಿಂತ ಆರ್ಡರ್ ಕೊಡುವುದು ಮೇಲು.

ಪಂಚಾಯಿತಿಗೆ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ವಿಆರ್‌ಡಬ್ಲ್ಯೂ ಅಂತಾರೆ, ಅವರೂ ಅಂಗವಿಕಲರೇ, ಅವರಿಗೂ ಗೌರವಧನವೇ. ಅವರನ್ನು ಯುಡಿಐಡಿ ಕಾರ್ಡು, ಮಾಸಾಶನದ ಅರ್ಜಿ ತುಂಬಲು ಮಾತ್ರ ಕರೆಯಬೇಡಿ. ಊರಿನ ಯಾವ ಮಗು ಶಾಲೆಯ ಪಟ್ಟಿಯಲ್ಲಿದ್ದು ಮನೆಯಲ್ಲಿದೆ ಎಂಬುದು ಅವರಿಗೆ ಗೊತ್ತಿರುತ್ತದೆ. ಗ್ರಾಮಸಭೆಯಲ್ಲಿ ಅವರ ಕೈಗೆ ಮೈಕು ಕೊಡಿ.

ಕೂಸಿನ ಮನೆಯ ವಿಷಯವನ್ನೂ ಎತ್ತಿ. ನರೇಗಾ ಕೂಲಿಗೆ ಹೋಗುವ ತಾಯಂದಿರನ್ನು ಮುಂದಿಟ್ಟುಕೊಂಡು ಪಂಚಾಯಿತಿಗಳಲ್ಲಿ ಶುರುವಾದ ಶಿಶುಪಾಲನಾ ಕೇಂದ್ರ ಅದು. ಒಳ್ಳೆಯ ಯೋಚನೆ. ಅದು ನಿಮ್ಮೂರಲ್ಲಿ ಬಾಗಿಲು ತೆರೆದಿದೆಯೇ, ಬೋರ್ಡು ಮಾತ್ರ ಇದೆಯೇ, ಒಮ್ಮೆ ಹೋಗಿ ನೋಡಿ ಬನ್ನಿ. ತೆರೆದಿದ್ದರೆ ಅಂಗನವಾಡಿಯವರ, ಆಶಾ ಕಾರ್ಯಕರ್ತೆಯರ, ಊರೂರು ತಿರುಗುವ ಥೆರಪಿಸ್ಟ್‌ನ ಮಗುವಿಗೂ ಅಲ್ಲೊಂದು ಚಾಪೆ ಹಾಸಿ ಎಂದು ಕೇಳಿ.

ಎಸ್‌ಡಿಎಂಸಿಯಲ್ಲಿ ಇರುವ ತಂದೆಯರಿಗೆ ಒಂದು ಬೇರೆ ಮಾತು. ಥೆರಪಿ ಮೇಡಂ ಬರುವ ದಿನ ನೀವೂ ಶಾಲೆಗೆ ಬನ್ನಿ. ಹಾಳೆ ನೀವು ಇಸಿದುಕೊಳ್ಳಿ. ಸಂಜೆ ಕಟ್ಟೆಗೆ ಹೋಗುವ ಮೊದಲು ಹಿಟ್ಟು ನಾದಿಸುವುದು ಹತ್ತು ನಿಮಿಷದ ಕೆಲಸ. ನಿಮ್ಮ ಮಗ ರೊಟ್ಟಿ ಮುರಿದು ಮೊದಲ ತುತ್ತು ತಾನೇ ಬಾಯಿಗಿಟ್ಟುಕೊಂಡಾಗ ಎದುರಿಗೆ ಕೂತಿರುವವರು ನೀವೂ ಆಗಿರಬಹುದು.

ಮುಂದಿನ ಮಾರ್ಚ್ 8ಕ್ಕೆ ಯಾರನ್ನು ಸನ್ಮಾನಿಸಬೇಕೆಂದು ನಿಮ್ಮ ಸಂಘದವರು ಕೇಳಿದರೆ ಹೆಸರು ಕೊಡಿ, ಬೇಡ ಎನ್ನುವುದಿಲ್ಲ. ಆದರೆ ಪರಿಚಯ ಓದುವವರಿಗೆ ಈ ಮೂರು ಸಾಲು ಬರೆದುಕೊಡಿ: ಇವರಿಗೆ ಇಷ್ಟು ತಿಂಗಳ ಬಾಕಿ ಬರಬೇಕಿದೆ. ಇವರು ಈ ವರ್ಷ ಮಕ್ಕಳ ಸಾಮಗ್ರಿಗೆ ತಮ್ಮ ಕೈಯಿಂದ ಇಷ್ಟು ರೂಪಾಯಿ ಹಾಕಿದ್ದಾರೆ. ಇವರಿಗೆ ಹೆರಿಗೆ ರಜೆ ಕೊಟ್ಟಿಲ್ಲ. ಬಿಇಒ ಸಾಹೇಬರು, ಅಧ್ಯಕ್ಷರು ಹೇಗೂ ಅದೇ ವೇದಿಕೆಯ ಮೇಲೆ ಕೂತಿರುತ್ತಾರೆ.